ನಡಾವಳಿಗೆ ಬಾರದ್ದು

ಕುರ್ಚಿ ಜೋಡಿಸಿದವಳು ನಾನೇ,
ಜವಾನನಿಗೆ ಜ್ವರ.
ಆರಡಿ ಅಂತರ ಬೇಕಲ್ಲ, ಟೇಪು ಸಿಗಲಿಲ್ಲ;
ಫುಟ್‌ಬಾಲ್ ಮೈದಾನದ ಹತ್ತು ಗಜದ ಸರಪಳಿ ಎಳೆದು ತಂದೆ,
ಒಂದು ಸರಪಳಿಗೆ ಆರು ಕುರ್ಚಿ.
ನೆಬ್ರಾಸ್ಕಾದ ಆಗಸ್ಟು. ಜಿಮ್ಮಿನ ಬಾಗಿಲೆಲ್ಲ ತೆರೆದಿದ್ದವು,
ಹೊರಗಿನ ಜೋಳದ ಹೊಲದ ಬಿಸಿಯುಸಿರು
ನಮಗಿಂತ ಮೊದಲೇ ಬಂದು ಕೂತಿತ್ತು,
ಮಾಸ್ಕಿಲ್ಲದೆ.

ಶಾಲಾ ಮಂಡಳಿ, ಏಳು ಮಂದಿ. ವಿಷಯ ಒಂದೇ:
ಈ ಹಂಗಾಮಿನಲ್ಲಿ ಮಕ್ಕಳು ಆಡಬೇಕೇ, ಬೇಡವೇ.
ಹದಿನೆಂಟು ವರ್ಷದಿಂದ ನಡಾವಳಿ ಬರೆಯುತ್ತಿದ್ದೇನೆ:
ಸೋರುವ ಸೂರು, ಬಸ್ಸಿನ ಡೀಸೆಲ್ಲು, ಮಧ್ಯಾಹ್ನದ ಹಾಲು.
ಇಷ್ಟು ಜನ ಬಂದದ್ದು ಇದೇ ಮೊದಲು.

ಮಾತಿಗೆ ತಲಾ ಮೂರು ನಿಮಿಷ.
ಅದಕ್ಕೆ ನನ್ನ ಅಡುಗೆಮನೆಯ ಟೈಮರು,
ಕೆಂಪು ಜುಟ್ಟಿನ ಪ್ಲಾಸ್ಟಿಕ್ ಕೋಳಿ;
ಕತ್ತು ತಿರುವಿಟ್ಟರೆ ಟಿಕಟಿಕ ಎಂದು
ಮೆಲ್ಲಗೆ ಮುಖ ನಮ್ಮತ್ತ ಮಾಡಿ ಕಿರ್ರೆನ್ನುತ್ತದೆ.

ಕೋಚ್ ಕೊಪೆಟ್ಸ್ಕಿ ಎದ್ದ:
"ನನ್ನ ಹುಡುಗರಲ್ಲಿ ಇಬ್ಬರಿಗೆ ಮೈದಾನವೊಂದೇ ಮನೆ."
ಯಾರೆಂದು ಹೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು.
ನರ್ಸ್ ಆರ್ಡಿತ್ ಮಡಿಸಿದ ಕಾಗದ ಬಿಡಿಸಿದಳು:
ಇಡೀ ಕೌಂಟಿಗೆ ಉಸಿರಾಟದ ಯಂತ್ರ ಎರಡು,
ಒಂದು ರಿಪೇರಿಯಲ್ಲಿದೆ.
ಅಷ್ಟೇ. ಕೂತಳು.
"ನನ್ನ ಮಗನಿಗೆ ಹದಿನೇಳು ಇನ್ನೊಮ್ಮೆ ಬರುವುದಿಲ್ಲ"
ಎಂದ ವೊಬೊರ್ನಿ, ಎದೆಯ ಮೇಲೆ ಮಗನದೇ ಜರ್ಸಿ.
ಹಿಂದಿನ ಸಾಲಿನಿಂದ ಮುದುಕಿ ಸ್ಟೆಖರ್,
ಏಳದೆ, ಮೈಕು ಕೇಳದೆ:
"ನನ್ನ ಗಂಡನಿಗೆ ಎಂಬತ್ತೂ ಬರಲಿಲ್ಲ."

ಬರೆದುಕೊಂಡೆ: ಪರ ವಿರೋಧ ಚರ್ಚೆ ನಡೆಯಿತು.

ಕೊನೆಗೆ ಯೆಸೇನಿಯಾ ಒರೋಸ್ಕೊ. ದೂರದ ಓಟದವಳು,
ಬೂಟಿನ ಹಿಮ್ಮಡಿಗೆ ಬೆಳ್ಳಿ ಬಣ್ಣದ ಅಂಟುಪಟ್ಟಿ.
"ಅಮ್ಮ ಮಾಂಸದ ಕಾರ್ಖಾನೆಯಲ್ಲಿ ಚಾಕು ಹಿಡಿಯುತ್ತಾಳೆ.
ಭುಜಕ್ಕೆ ಭುಜ. ನಡುವೆ ಅಳೆಯಲು
ಅಲ್ಲಿಗೆ ಯಾರೂ ಸರಪಳಿ ತಂದಿಲ್ಲ.
ಅದು ನಡೆಯಬೇಕೇ ಬೇಡವೇ ಎಂದು
ಯಾವ ಜಿಮ್ಮಿನಲ್ಲಿ ಸಭೆ ಸೇರಿತ್ತು?
ಕೇಳಬೇಕೆನಿಸಿತು. ಕೇಳಿದೆ."

ಇನ್ನೂ ಎರಡು ನಿಮಿಷ ಉಳಿದಿತ್ತು.
ಅವಳು ಕೂರಲಿಲ್ಲ, ಮಾತಾಡಲೂ ಇಲ್ಲ.
ಆ ಎರಡು ನಿಮಿಷ ಇಡೀ ಊರು
ಒಂದು ಪ್ಲಾಸ್ಟಿಕ್ ಕೋಳಿಯ ಟಿಕಟಿಕ ಕೇಳಿತು.

ಬರೆದುಕೊಂಡೆ: ಒಬ್ಬ ವಿದ್ಯಾರ್ಥಿನಿ ಅಭಿಪ್ರಾಯ ತಿಳಿಸಿದಳು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು;
ಅಧ್ಯಕ್ಷರು ಹುಡುಕಿದ ದಾರಿ ಅದೇ:
ಆಟ ಉಂಟು, ಬ್ಯಾಂಡಿಲ್ಲ,
ಆಟಗಾರನೊಬ್ಬನಿಗೆ ನೋಡುವವರು ಇಬ್ಬರು.
ನಾಲ್ಕು ಕೈ ಎದ್ದವು. ಮೂರು ಮಡಿಲಲ್ಲೇ ಉಳಿದವು.
ಏಪ್ರಿಲಿನಲ್ಲಿ ಅಕ್ಕನಿಗೆ ಗಾಜಿನಾಚೆಯಿಂದ ಬೀಸಿದ ನನ್ನ ಕೈಗೆ
ಮತವಿಲ್ಲ, ಅದು ಬರೆಯುವ ಕೈ.
ಸಭೆ ಮುಕ್ತಾಯ, ಹತ್ತು ನಲವತ್ತು.

ಎರಡು ಶುಕ್ರವಾರ ದೀಪ ಉರಿಯಿತು.
ಸರಪಳಿ ತನ್ನ ಹಳೆಯ ಕೆಲಸಕ್ಕೆ ಮರಳಿತು,
ಗೆದ್ದ ಹತ್ತು ಗಜ, ಇನ್ನೂ ಹತ್ತು ಗಜ.
ಮೂರನೆಯದಕ್ಕೆ ಒಂಬತ್ತು ಹುಡುಗರು ಹಾಸಿಗೆಯಲ್ಲಿ,
ಕೋಚ್ ಆಸ್ಪತ್ರೆಯಲ್ಲಿ.
ನಾನು ಹೇಳಿದ್ದೆ ಎನ್ನಲು ಯಾರಿಗೂ ಬಾಯಿ ಬರಲಿಲ್ಲ.
ಆರ್ಡಿತಳಿಗೂ.
ಆ ಇಬ್ಬರು ಹುಡುಗರು ಸಂಜೆಯೆಲ್ಲ
ಪೆಟ್ರೋಲ್ ಬಂಕಿನ ಗೋಡೆಗೊರಗಿ ಕೂತಿರುತ್ತಿದ್ದರು;
ಕಾರು ನಿಧಾನ ಮಾಡಿದೆ, ನಿಲ್ಲಿಸಲಿಲ್ಲ.

ಅಕ್ಟೋಬರಿನ ಒಂದು ಬೆಳಿಗ್ಗೆ
ಕಚೇರಿಯ ಬಾಗಿಲಾಚೆ ಯೆಸೇನಿಯಾ, ಆರಡಿ ದೂರದಲ್ಲಿ:
"ಓಟದ ಪಂದ್ಯವೂ ಹೋಯಿತು. ವೇಳೆ ನೋಡುವವರಿಲ್ಲ.
ನಿಮ್ಮ ಕೋಳಿ ತರುತ್ತೀರಾ?"

ಖಾಲಿ ಮೈದಾನ, ಹುಲ್ಲಿನ ಮೇಲೆ ಮೊದಲ ಹಿಮಪುಡಿ,
ಮಾಸುತ್ತಿರುವ ಗಜದ ಗೆರೆಗಳು.
ಕತ್ತು ತಿರುವಿ ಬೇಲಿಗಂಬದ ಮೇಲಿಟ್ಟೆ.
ಎರಡು ಸುತ್ತು ಮುಗಿದು
ಅವಳು ಮೂರನೆಯ ತಿರುವಿನಲ್ಲಿದ್ದಾಗ ಕೋಳಿ ಕಿರ್ರೆಂದಿತು.
ಅವಳು ನಿಲ್ಲಲಿಲ್ಲ.

ಮತ್ತೆ ತಿರುವಿಟ್ಟೆ.