ಹನ್ನೊಂದರ ಬ್ಯಾಚು

ಚಿಕ್ಕಬಳ್ಳಾಪುರದ ಈಜುಕೊಳದಲ್ಲಿ
ಹನ್ನೊಂದರಿಂದ ಹನ್ನೆರಡು ಹೆಂಗಸರದು.
ಗಂಡಸರು ಮಿಂದು ಬಿಟ್ಟುಹೋದ ನೀರು,
ಕ್ಲೋರಿನ್ನಿನ ಘಾಟು, ಕಾದ ಕಲ್ಲು,
ತಗಡಿನ ಬೇಲಿಯಾಚೆಯಿಂದ ಇಣುಕುವ ನಂದಿಬೆಟ್ಟ.
ಅದರ ಮುಂದೆ ನಮಗೆ ನಾಚಿಕೆಯಿಲ್ಲ.

ಮೇ ತಿಂಗಳ ಎರಡನೇ ಸೋಮವಾರ
ಶಿಡ್ಲಘಟ್ಟದ ಬಸ್ಸಿಳಿದು ಬಂದಳು ಶಮ್ಶಾದ್.
ಕೈಯಲ್ಲಿ ಡಾಕ್ಟರ ಚೀಟಿ:
ಸೊಂಟದ ನೋವಿಗೆ ನೀರಲ್ಲಿ ನಡೆದಾಡುವುದು,
ವಾರಕ್ಕೆ ಮೂರು ಸಲ.
ಪ್ಲಾಸ್ಟಿಕ್ ಕವರಿನಲ್ಲಿ ಮಡಚಿದ ಉಡುಪು,
ಮಗಳು ಫೋನಿನಲ್ಲಿ ತರಿಸಿಕೊಟ್ಟದ್ದು.
ಕಡುನೀಲಿ. ಮಣಿಕಟ್ಟಿನವರೆಗೆ ತೋಳು,
ಗಿಣ್ಣಿನವರೆಗೆ ಕಾಲು, ತಲೆಗೆ ಸೇರಿಸಿಯೇ ಹೊಲಿದ ಟೋಪಿ.
ಬೆಲೆಚೀಟಿ ಇನ್ನೂ ಕಿತ್ತಿರಲಿಲ್ಲ.

ಬೋರ್ಡಿನಲ್ಲಿ ಬರೆದಿತ್ತು: ನೈಲಾನ್ ಉಡುಪು ಕಡ್ಡಾಯ.
ಅವಳದು ನೈಲಾನೇ.
ತಲೆಗೆ ಟೋಪಿ ಕಡ್ಡಾಯ.
ಇತ್ತು.
ಎಣ್ಣೆ ಹಚ್ಚಿ ಇಳಿಯಕೂಡದು.
ಹಚ್ಚಿರಲಿಲ್ಲ.
ಕೌಂಟರಿನ ಅಶ್ವತ್ಥಮ್ಮ ಐವತ್ತು ರೂಪಾಯಿ ತಗೊಂಡಳು,
ರಿಜಿಸ್ಟರಿನಲ್ಲಿ ಹೆಸರು ಬರೆದಳು,
ಪಕ್ಕದಲ್ಲಿ ಹೆಬ್ಬೆಟ್ಟು ಒತ್ತಿಸಿದಳು,
ಬರೆದದ್ದನ್ನು ಇನ್ನೊಮ್ಮೆ ಓದಿದಳು,
ಆಮೇಲೆ ಬಟ್ಟೆ ನೋಡಿದಳು.
ಅದೇ ಕ್ರಮದಲ್ಲಿ.

'ಇದ್ರಲ್ಲಿ ಇಳಿಯಂಗಿಲ್ಲಮ್ಮ, ಬಣ್ಣ ಬಿಡ್ತದೆ.'
ಶಮ್ಶಾದ್ ನಲ್ಲಿಯ ಕೆಳಗೆ ತೋಳೊಂದನ್ನು ನೆನೆಸಿ ಹಿಂಡಿದಳು.
ಬಿದ್ದದ್ದು ನೀರಿನ ಬಣ್ಣದ ನೀರು.
'ಬಣ್ಣ ಬಿಡದಿದ್ರೂ ಕ್ಲೀನಲ್ಲ ಅದು,
ನಾವೂ ಇಳೀಬೇಕಲ್ಲ' ಅಂದರು ಸುಕನ್ಯಾ ಮೇಡಂ.
ಯಾರೋ 'ಇಲ್ಲೂ ಶುರುವಾಯ್ತಾ' ಅಂದರು.
ಯಾರೋ ಅಂದರೆ ನನ್ನ ಪಕ್ಕದವಳೇ,
ಮಗನಿಗೆ ಗಣಿತ ಹೇಳಿಕೊಡುವವಳು,
ನನಗೆ ಜ್ವರ ಬಂದಾಗ
ಮೂರು ದಿನ ತಿಳಿಸಾರು ಕಳಿಸಿದವಳು.

ನಾನು ಆಗ ಕುತ್ತಿಗೆವರೆಗೆ ನೀರಲ್ಲಿದ್ದೆ.
ಕುತ್ತಿಗೆಯಿಂದ ಗಿಣ್ಣಿನವರೆಗೆ ಕರಿ ನೈಲಾನಿನಲ್ಲಿದ್ದೆ.
ಹದಿಮೂರರಲ್ಲಿ ಸೀಮೆಎಣ್ಣೆ ಸ್ಟವ್ ಸಿಡಿದು
ಎಡತೋಳು, ಬೆನ್ನು, ಒಂದು ತೊಡೆ
ಸುಟ್ಟ ಹಪ್ಪಳದ ಹಾಗಾಗಿವೆ.
ಮೂರು ಬೇಸಿಗೆಯಿಂದ ಹೀಗೇ ಇಳಿಯುತ್ತೇನೆ,
ಯಾರೂ ನನ್ನ ತೋಳು ಹಿಂಡಿಸಿ ನೋಡಿಲ್ಲ.
'ಬಿಸಿಲಿಗೆ ಎಷ್ಟು ಒಳ್ಳೇದು, ನಂಗೂ ಒಂದು ತರಿಸ್ಕೊಡಿ'
ಅಂದಿದ್ದರು ಇದೇ ಸುಕನ್ಯಾ ಮೇಡಂ.
ರಿಜಿಸ್ಟರಿನಲ್ಲಿ ನನ್ನ ಹೆಸರು ವಾರಿಜ.
ನೀರಲ್ಲಿ ಹುಟ್ಟಿದವಳು ಅಂತ ಅರ್ಥ,
ಹಾಗಂತ ಇಟ್ಟವರು
ನಲ್ಲಿಯಿಲ್ಲದ ಓಣಿಯವರು.

ಅವಳು ಜಗಳಕ್ಕೆ ನಿಲ್ಲಲಿಲ್ಲ.
ಎರಡೂ ಕೈ ಮುಂದೆ ಹಿಡಿದಳು, ಬಳೆಗಾರನಿಗೆ ಹಿಡಿದ ಹಾಗೆ.
'ಮೂವತ್ತೊಂದು ವರ್ಷ ಫಿಲೇಚರಿನಲ್ಲಿದೀನಿ ಅಕ್ಕಾ.
ಬೆಂದ ಗೂಡಿನಿಂದ ಎಳೆ ಹುಡುಕೋದು ಈ ಬೆರಳೇ.
ನಾನು ಕೈಯಿಟ್ಟ ನೀರು ಗಲೀಜಾಗೋ ಹಾಗಿದ್ರೆ
ನಿಮ್ಮ ರೇಷ್ಮೆ ಎಲ್ಲಾ ಗಲೀಜಾಗಬೇಕಿತ್ತು.'
ತುದಿಗಳು ಬಿಳಿಚಿಕೊಂಡು ಒಡೆದಿದ್ದವು,
ಗೆರೆಗಳೇ ಇರಲಿಲ್ಲ.
ರೇಷನ್ ಅಂಗಡಿಯ ಯಂತ್ರವೂ ಅವಳನ್ನು ಒಪ್ಪುವುದಿಲ್ಲವಂತೆ,
ಅಕ್ಕಿಗೆ ಮಗಳದೇ ಹೆಬ್ಬೆಟ್ಟು.

ಅಶ್ವತ್ಥಮ್ಮ ದುಡ್ಡು ವಾಪಸ್ಸು ಕೊಟ್ಟಳು,
'ಮೇಲಿನೋರನ್ನ ಕೇಳ್ತೀನಿ, ಮುಂದಿನ ವಾರ ಬಾಮ್ಮ.'
ಶಮ್ಶಾದ್ ಎಣಿಸಿಕೊಳ್ಳಲಿಲ್ಲ.
ಹೋಗುವ ಮುಂಚೆ ಕೊಳದ ಅಂಚಿಗೆ ಬಂದು
ಸೊಂಟಕ್ಕೆ ಕೈಕೊಟ್ಟು ಮೆಲ್ಲಗೆ ಬಗ್ಗಿ
ಒಂದೇ ಬೆರಳು ಅದ್ದಿದಳು,
ಬೇಸಿನ್ನಿನ ಬಿಸಿ ನೋಡುವವರ ಹಾಗೆ, ಥಟ್ಟನೆ.
ತೆಗೆಯುವುದನ್ನು ಮರೆತಳು.
'ತಣ್ಣಗಿದೆ' ಅಂದಳು. ನನಗೇ ಅಂದಳು.
ಹೌದು ಅಂದೆ.
ಅವತ್ತು ನಾನು ಅಂದದ್ದು ಅಷ್ಟೇ.

ಮುಂದಿನ ಸೋಮವಾರ ಅವಳು ಬರಲಿಲ್ಲ.
ರಿಜಿಸ್ಟರಿನ ಹಿಂದಿನ ಹಾಳೆಯಲ್ಲಿ
ಹೆಸರಿನ ಮೇಲೆ ಅಡ್ಡಗೆರೆ.
ಪಕ್ಕದಲ್ಲಿ ಆ ಹೆಬ್ಬೆಟ್ಟು,
ಸುಳಿಯಿಲ್ಲದ, ಗೆರೆಯಿಲ್ಲದ
ಒಂದು ನೀಲಿ ಕೊಳ.
ಅದು ಮಾತ್ರ ಬಣ್ಣ ಬಿಟ್ಟಿತ್ತು.
ಹಾಳೆ ಹಾದು ಈಚೆಗೆ ಬಂದು
ನಾನು ಸಹಿ ಮಾಡಬೇಕಾದ ಜಾಗದಲ್ಲಿ ನಿಂತಿತ್ತು.

ಪೆನ್ನು ಹಿಡಿದು ನಿಂತಿದ್ದೆ.
'ಬೇಗ ವಾರಿಜಾ, ಟೈಮಾಯ್ತು' ಅಂದರು ಹಿಂದಿನಿಂದ
ಸುಕನ್ಯಾ ಮೇಡಂ.