ಲೈನು

ಹಾಸನದ ವ್ಯಾಲ್ಯುಯೇಷನ್ ಕೇಂದ್ರ. ಏಪ್ರಿಲ್ಲು.
ಮೂರು ರೆಕ್ಕೆಯ ಫ್ಯಾನಿಗೆ ಒಂದೂವರೆ ರೆಕ್ಕೆಯ ಗಾಳಿ.
ಹತ್ತೊಂಬತ್ತನೇ ಬಂಡಲು, ಏಳನೇ ಪೇಪರು,
ಇಂಗ್ಲಿಷು, ಪ್ರಶ್ನೆ ಇಪ್ಪತ್ತೆರಡು:
ಲೈನ್ ಎಂಬ ಪದವನ್ನು ಎರಡು ಬೇರೆ ಅರ್ಥ ಬರುವಂತೆ
ಸ್ವಂತ ವಾಕ್ಯದಲ್ಲಿ ಬಳಸಿರಿ. ಅಂಕ ಎರಡು.

ಬೆಳಗಿನಿಂದ ಮಕ್ಕಳು ಸ್ಕೇಲಿಟ್ಟು ಗೆರೆ ಎಳೆದಿದ್ದಾರೆ,
ರೇಷನ್ ಅಂಗಡಿ ಮುಂದೆ ಸಾಲು ನಿಂತಿದ್ದಾರೆ.
ಒಬ್ಬ ಮಹಾನುಭಾವ ಲೈನ್ ಹೊಡೆಯಲು ಹೋಗಿ
ತಾನೇ ನಾಚಿ, ಅಳಿಸಿ,
ಅದೇ ಲೈನಿನ ಮೇಲೆ ಬಟ್ಟೆ ಒಣಹಾಕಿದ್ದಾನೆ.
ಗೆರೆ, ಸಾಲು, ಹಗ್ಗ: ರೈಟು, ರೈಟು, ರೈಟು,
ಸ್ಟಾಪಿನಲ್ಲಿ ನಿಲ್ಲಿಸದ ಬಸ್ಸಿನ ಕಂಡಕ್ಟರಿನ ಹಾಗೆ ನಾನು.

ಈ ಹುಡುಗಿ (ಹುಡುಗನೂ ಇರಬಹುದು,
ಗುಟ್ಟಿನ ನಂಬರಿಗೆ ಲಂಗವೂ ಇಲ್ಲ ಚಡ್ಡಿಯೂ ಇಲ್ಲ)
ಬರೆದದ್ದು ಒಂದೇ ವಾಕ್ಯ:
ಅವರ್ ಲೈನ್ ಹ್ಯಾಸ್ ನೋ ಲೈನ್

ಕೆಂಪು ಪೆನ್ನು ನಿಂತಿತು.

ಕೀ ಆನ್ಸರಿನ ಹಾಳೆಯಲ್ಲಿ ಇದು ಇಲ್ಲ.
ಕೀ ಅಂದರೆ ಬೀಗದಕೈ ಎಂದೇ ಮೊದಲು ಕಲಿತವಳು ನಾನು.
ನಮ್ಮ ಬಾಗಿಲಿನದು ಮೋನಪ್ಪ ರೈಟರ ಸೊಂಟದಲ್ಲಿ ಇರುತ್ತಿತ್ತು.
ರೈಟರ್ ಅಂದರೆ ಲೇಖಕ ಎಂದು ಮೇಷ್ಟ್ರು ಹೇಳಿದ ದಿನ
ಇಡೀ ಕ್ಲಾಸು ಬರೆದುಕೊಂಡಿತು, ನಾನೊಬ್ಬಳೇ ನಕ್ಕೆ.
ಮೋನಪ್ಪ ಜನ್ಮದಲ್ಲಿ ಬರೆದದ್ದು ಒಂದೇ ಪುಸ್ತಕ, ಚೆಕ್‌ರೋಲು.
ಅವ್ವ ಬುಧವಾರ ಅರ್ಧ ಆಳು, ಗುರುವಾರ ಜ್ವರ, ಸೊನ್ನೆ.
ಶನಿವಾರ ಸಂಜೆ ಗಟ್ಟಿಯಾಗಿ ಓದುತ್ತಿದ್ದ,
ಉಸಿರು ಬಿಗಿಹಿಡಿದು ಕೇಳುತ್ತಿದ್ದರು ಎಲ್ಲರೂ,
ಅಂಥ ಓದುಗರನ್ನು ಯಾವ ಲೇಖಕ ಪಡೆದಾನು.

ಹಾನುಬಾಳಿನಾಚೆ, ತೋಟದೊಳಗೆ, ನಮ್ಮ ಲೈನು.
ಹತ್ತು ಬಾಗಿಲು, ಒಂದೇ ನಲ್ಲಿ.
ಆ ಕಡೆ ಒಗ್ಗರಣೆ ಹಾಕಿದರೆ ಈ ಕಡೆ ಸೀನು,
ಈ ಕಡೆ ಜಗಳ ಆಡಿದರೆ ಆ ಕಡೆಯಿಂದ ತೀರ್ಪು.
ನಾಲ್ಕನೇ ಬಾಗಿಲು ನಮ್ಮದು.
'ಮನೆ ಎಲ್ಲೇ?' ಅಂತ ಹೊಸ ಮೇಷ್ಟ್ರು.
'ಲೈನಲ್ಲಿ ಸಾರ್.'
'ನಿಲ್ಲೋದಲ್ಲ ಕಣೇ, ಇರೋದೆಲ್ಲಿ?'

ನಾನು ಆರನೇ ಕ್ಲಾಸು ಇದ್ದಾಗ ಕಂಬ ಬಂದವು.
ಲೈನ್‌ಮ್ಯಾನು ಬಂದವ್ರೆ ಅಂದಳು ಅವ್ವ,
ಲೈನ್‌ಮ್ಯಾನು ಅಂದರೆ ಲೈನಿಗೇ ಬಂದ ಮನುಷ್ಯ ಅಂದುಕೊಂಡು
ಬೆಲ್ಲದ ಕಾಫಿ ಕಾಸಿ ಕೊಟ್ಟಳು ಲೋಟದ ತುಂಬ.
ಕೆಂಚೇಗೌಡ ಊದಿ ಊದಿ ಕುಡಿದು, ಕಂಬ ಹತ್ತಿ, ಇಳಿದು,
ಕಣ್ಣು ತಪ್ಪಿಸಿ ಹೇಳಿದ:
'ಇದು ಬಂಗಲೆ ಲೈನು ಕಣಕ್ಕ, ನಿಮ್ಮ ಲೈನಿಂದಲ್ಲ.'
ಆಮೇಲೆ ವರ್ಷಾನುಗಟ್ಟಲೆ
ನಮ್ಮ ಹೆಂಚಿನ ಮೇಲೆ ಹಾದು ಹೋಯಿತು ಬೆಳಕು,
ತಂತಿಯ ಮೇಲೆ ಗಿಳಿ ಕೂತು ಎದ್ದು ಹೋಗುತ್ತಿದ್ದವು.

ಹೆಗಲ ಮೇಲಿಂದ ಬಗ್ಗಿದರು ಚೀಫು, ಗಂಗಾಧರಪ್ಪನವರು,
ಅರಸೀಕೆರೆ ಕಡೆಯವರು, ಕೆಟ್ಟವರಲ್ಲ.
'ಏನ್ ಮೇಡಂ ಇದು, ಗೆರೆಗೆ ಗೆರೆ ಇಲ್ವಂತೆ?
ತಲೆಬುಡ ಇಲ್ಲ, ಸೊನ್ನೆ ಸುತ್ತಿ.'
'ಎರಡು ಅರ್ಥ ಇದೆ ಸಾರ್.'
'ಡಿಕ್ಷನರೀಲಿದೆಯಾ?'
'ಹಾನುಬಾಳಿನ ಹತ್ತಿರ ಇದೆ.'

ಹದಿನೆಂಟು ವರ್ಷದ ಸರ್ವಿಸು.
ಊರು ಕೇಳಿದವರಿಗೆಲ್ಲ ಸಕಲೇಶಪುರ ಎಂದು
ಟಿಫಿನ್ ಡಬ್ಬಿ ಮುಚ್ಚಿದವಳು ನಾನು.
ಇವತ್ತು, ಯಾರೋ ಪಾಪದ ಮಗು
ನಾಲ್ಕು ಪದದಲ್ಲಿ ಬಾಗಿಲು ತೆಗೆದಿಟ್ಟು ಹೋಗಿದೆ.
'ನಾಲ್ಕನೇ ಮನೆ ಸಾರ್' ಅಂದೆ.
ಅವರಿಗೆ ತಿಳಿಯಲಿಲ್ಲ. ತಿಳಿಯಿತೇನೋ.
ಕನ್ನಡಕ ಒರೆಸಿಕೊಂಡು
'ಮಾರ್ಕು ನಿಮ್ಮಿಷ್ಟ' ಎಂದು ಟೀ ಕಡೆ ನಡೆದರು.

ವಾಕ್ಯದ ಕೊನೆಗೆ ಚುಕ್ಕಿ ಇಲ್ಲ,
ಅದಕ್ಕೆ ಅರ್ಧ ಹಿಡಿಯಬೇಕು ಅನ್ನುತ್ತದೆ ಕೀ.
ಅರ್ಧ ಹಿಡಿಯುವುದು ಮೋನಪ್ಪನ ಕೆಲಸ.
ಎರಡಕ್ಕೆ ಎರಡು ಬರೆದೆ. ಗೊತ್ತು,
ಎರಡು ಅಂಕಕ್ಕೆ ಬಲ್ಬು ಹತ್ತುವುದಿಲ್ಲ.

ಮುಂದಿನ ಪೇಪರು. ಸ್ಕೇಲಿಟ್ಟು ಎಳೆದ ಗೆರೆ, ನೆಟ್ಟಗಿದೆ.
ಸ್ವಲ್ಪ ಹೊತ್ತು ಬಿಟ್ಟು,
ರೈಟು.