ಯಾವೂರ ನೀರು

ಡೋಣಿ ದಾಟಿ ಏರು ಹತ್ತೂವಾಗ
ಮೊದಲು ಗೊತ್ತಾದದ್ದು ನನ್ನ ಕುಂಡಿಗೆ.
ಓಮ್ನಿಯ ಇಂಜಿನ್ನು ಸೀಟಿನ ಕೆಳಗಽ ಇರತೈತಿ.
ಮೀಟರಿನ ಮುಳ್ಳು ಸತ್ತು ಎರಡು ವರ್ಷ,
ಕಾವು ತಿಳಿಯೋದು ಹಿಂಗಽ.

ಕಪ್ಪತಗುಡ್ಡದ ಬೆನ್ನಿನ ಮ್ಯಾಲ
ಸಾಲು ಸಾಲು ಗಾಳಿಯಂತ್ರ,
ಯಾರದೋ ಮನಿಯ ಕರೆಂಟಿಗೆ ನಿವಾಂತ ತಿರುಗತಿದ್ದವು.
ನನ್ನ ಗೇಣುದ್ದದ ಫ್ಯಾನೊಂದಽ ನಿಂತೈತೇನೋ ಅಂತ
ಇಳಿದು ಬಗ್ಗಿ ನೋಡಿದೆ.
ಅದೂ ತಿರುಗತಿತ್ತು.

ಮಜ್ಜಿಗಿ ಕೊಡ ತೊಡಿ ಮ್ಯಾಲಿಟ್ಟುಕೊಂಡು ಫಕೀರವ್ವ:
"ಒಂದ ಚರಿಗಿ ಹಾಕಲೇನೋ ತಮ್ಮಾ, ಹೊಟ್ಟಿ ತಣ್ಣಗಾದೀತು?"
ಏಳು ಮಂದಿ ನಕ್ಕರು.
ಎಂಟನೆಯವ ಹಿಂದ ಬಂದ ಬಸ್ಸಿಗೆ ಕೈ ಮಾಡಿ ಹತ್ತಿದ.
ರೊಕ್ಕ ಕೊಡಲಿಲ್ಲ.

ಗದಗ. ಮುಳಗುಂದ ನಾಕಾ. ದಾವಲಸಾಬನ ಶೆಡ್ಡು.
ಆತ ಪಾನಾ ಮುಟ್ಟಲಿಲ್ಲ, ಕೇಳಿದ:
"ನಿಂತಾಗ ಕಾಯತೈತೋ, ಓಡೂವಾಗೋ?"
ಏರಿನಾಗ.
"ನೀರು ಕಡಿಮಿ ಆಗತೈತೇನು?"
ಇಲ್ಲ.
"ಹೊಗಿ ಬೆಳ್ಳಗ?"
ಇಲ್ಲ.
"ಆಯಿಲ್ ಹಾಲು ಹೊಯ್ದ ಚಹಾದಂಗ?"
ಇಲ್ಲೋ ಮಾರಾಯಾ.
ನನ್ನ ಒಂದೊಂದು ಇಲ್ಲಕ್ಕೂ
ಒಂದೊಂದು ದೊಡ್ಡ ಖರ್ಚು
ಕಾಲು ಹಿಂದ ಇಡತಿತ್ತು.

ಮ್ಯಾಲಿನ ಪೈಪು ಹಿಡಿದ, ಚಟಕ್ಕನ ಬಿಟ್ಟ.
ಕೆಳಗಿನದು ಹಿಡಿದ. ಹಿಡಕೊಂಡಽ ಇದ್ದ,
ನೆತ್ತಿ ಸುಡೋ ಕೂಸಿನ
ತಣ್ಣನೆ ಅಂಗಾಲು ಹಿಡಿದವರ ಹಾಂಗ.
"ಬಿಸಿ ಕೆಳಗ ಇಳೀವಲ್ದು. ಎಲ್ಲೋ ದಾರಿ ಕಟ್ಟೇತಿ."

ಆರಲಿ ಅಂತ ಒಂದು ತಾಸು ಕುಂತಿವಿ.
ಥರ್ಮೋಸ್ಟ್ಯಾಟ್ ಬಿಚ್ಚಿ
ಚಹಾದ ಪಾತೇಲಿಯೊಳಗ ಕುದಿಸಿದ.
ಮೆಲ್ಲಕ ಬಾಯಿ ತೆರೀತು.
"ಇದರದೇನೂ ತಪ್ಪಿಲ್ಲ," ಅಂದ
ಸಾಕ್ಷಿ ಹೇಳಾಕ ಬಂದವನಂಗ.

ಕಡಿಗೆ ರೇಡಿಯೇಟರಿನ ಮುಚ್ಚಳ.
ಬೆರಳಿಟ್ಟು ಉಗುರಿಲೆ ಕೆರೆದು ಬಿಸಲಿಗೆ ಹಿಡಿದ:
ಬೆಳ್ಳನೆ ಹಕ್ಕಳಿ, ಹಂಡೆಯ ಒಳಮೈದಂಥಾದ್ದು.
"ಯಾವೂರ ಬೋರಿನ ನೀರು ಹಾಕತೀ?"

ಹೇಳಲಿಲ್ಲ ನಾ. ನಕ್ಕೆ.
ತುಟಿ ಮುಚ್ಚಿ ನಗೋದು ಸಣ್ಣಂದಿನಿಂದ ರೂಢಿ,
ಅವತ್ತು ಯಾಕೋ ಮರೆತಿದ್ದೆ.
ಆತ ನನ್ನ ಹಲ್ಲು ನೋಡಿದ.
ಕಂದು ಗೀಟು, ಸುಣ್ಣದ ಚುಕ್ಕಿ.
"ಮುಂಡರಗಿ ಕಡೀದು," ಅಂದು
ಆಸಿಡ್ ತರಾಕ ಚೋಟ್ಯಾನ್ನ ಅಂಗಡಿಗೆ ಕಳಿಸಿದ.

ಸಂಜಿಗೆ ಗಾಡಿ ತಣ್ಣಗಿತ್ತು, ಆರುನೂರು ರೂಪಾಯಿಗೆ.
"ಇನ್ನ ಮ್ಯಾಲ ಬೋರಿನ ನೀರು ಬ್ಯಾಡ.
ಕ್ಯಾನಿನ ಫಿಲ್ಟರ್ ನೀರಽ ಹಾಕು ಇದಕ್ಕ."

"ಇದಕ್ಕ?" ಅಂದೆ.

ಆತ ಅರಿವಿಯಿಂದ ಕೈ ಒರಸತಾ ಇದ್ದ,
ಬೆರಳು ಬೆರಳಿನ ಸಂದಿ ಬಿಡದಂಗ.